ಥೈರಾಯ್ಡ್: ಅಂಕಿಯನ್ನೂ ಓದಿ, ದೇಹವನ್ನೂ ಕೇಳಿ

ನಿಮ್ಮ ಮನೆಯಲ್ಲಲ್ಲದಿದ್ದರೆ ನೆರೆಮನೆಯಲ್ಲಾದರೂ, ಫಜ್ರ್ ನಮಾಝ್ ಮುಗಿಸಿ ಚಹಾ ಕುಡಿಯುವ ಮೊದಲು ಒಂದು ಪುಟ್ಟ ಮಾತ್ರೆ ನುಂಗುವ ಹೆಣ್ಣುಮಗಳು ಒಬ್ಬಳಾದರೂ ಇದ್ದೇ ಇರುತ್ತಾಳೆ. ಮದುವೆ ಮನೆಯಲ್ಲಿ ನಾಲ್ಕು ಮಂದಿ ಒಟ್ಟಿಗೆ ಕೂತರೆ ಸಾಕು, "ನಿನಗೆಷ್ಟು ಬಂತು? ನನಗೆ ಏಳು" ಎಂಬ ಮಾತು ಶುರುವಾಗುತ್ತದೆ. ಮಕ್ಕಳ ಪರೀಕ್ಷೆಯ ಅಂಕ ಹೋಲಿಸಿದಂತೆ ನಾವು ಥೈರಾಯ್ಡ್ ಅಂಕಿಯನ್ನೂ ಹೋಲಿಸುತ್ತೇವೆ. ಹೆಚ್ಚು ಬಂದವಳು ಹೆದರುತ್ತಾಳೆ, ಕಡಿಮೆ ಬಂದವಳು ಮಾತ್ರೆ ಬಿಡುತ್ತಾಳೆ. ಈ ಎರಡೂ ಯಾಕೆ ಸರಿಯಲ್ಲ ಎಂಬುದನ್ನು ನಾನು ಕಂಡುಂಡದ್ದರಿಂದ ನಿಮ್ಮೊಂದಿಗೆ ಹಂಚಿಕೊಳ್ಳಬೇಕೆನಿಸಿತು. ನಾನು ವೈದ್ಯೆಯಲ್ಲ. ಹನ್ನೆರಡು ವರ್ಷಗಳಿಂದ ಈ ಮಾತ್ರೆ ನುಂಗುತ್ತಿರುವ, ಪ್ರತಿ ರಿಪೋರ್ಟನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿರುವ ಒಬ್ಬ ಗೃಹಿಣಿ.

ಕಾಯಿಲೆ ಗೊತ್ತಾಗುವ ಮೊದಲಿನ ಎರಡು ವರ್ಷಗಳನ್ನು ನೆನೆದರೆ ಈಗಲೂ ಬೇಸರವಾಗುತ್ತದೆ. ಏಪ್ರಿಲ್ ತಿಂಗಳ ಸೆಕೆಯಲ್ಲಿ ಮನೆಮಂದಿಯೆಲ್ಲ ಫ್ಯಾನಿನಡಿ ಮಲಗಿದರೆ ನಾನು ಕಂಬಳಿ ಹೊದ್ದುಕೊಳ್ಳುತ್ತಿದ್ದೆ. ಫಜ್ರ್‌ಗೆ ವುಝೂ ಮಾಡಲು ನೀರು ಮುಟ್ಟಿದರೆ ಐಸ್ ಮುಟ್ಟಿದಂತಾಗುತ್ತಿತ್ತು. ಕುರ್‌ಆನ್ ಓದುವಾಗ ಸ್ವರ ಒಡೆದು ಗೊಗ್ಗರಾಗುತ್ತಿತ್ತು. ಮದುವೆಯಲ್ಲಿ ಹಾಕಿದ್ದ ಉಂಗುರ ಬೆರಳಿನಿಂದ ಹೊರಬರುತ್ತಿರಲಿಲ್ಲ. ಬೆಳಿಗ್ಗೆ ಕೈಬೆರಳುಗಳು ಜೋಮು ಹಿಡಿದಿರುತ್ತಿದ್ದವು. ಮಲಬದ್ಧತೆ, ಮರೆವು, ಮುಖದಲ್ಲಿ ಊತ. ಅಕ್ಕಿ ತೊಳೆದಿಟ್ಟು ಒಲೆ ಹಚ್ಚಲು ಮರೆತು ಕೂತಿರುತ್ತಿದ್ದೆ. ಹತ್ತು ಗಂಟೆ ನಿದ್ದೆ ಮಾಡಿದರೂ ದಣಿವು ಆರುತ್ತಿರಲಿಲ್ಲ. ಮನೆಯಲ್ಲಿ ಇದಕ್ಕೆಲ್ಲ ಒಂದೇ ಹೆಸರು: ಸೋಮಾರಿತನ.

ಇನ್ನೊಂದು ವಿಷಯವನ್ನು ನಮ್ಮ ಹೆಣ್ಣುಮಕ್ಕಳು ಬಾಯಿಬಿಟ್ಟು ಹೇಳುವುದಿಲ್ಲ. ತಿಂಗಳ ಸ್ರಾವ ಆರು ದಿನದ್ದು ಹನ್ನೆರಡು, ಹದಿನೈದು ದಿನಕ್ಕೆ ಎಳೆಯುತ್ತದೆ. ಯಾವ ದಿನದಿಂದ ಸ್ನಾನ ಮಾಡಿ ನಮಾಝ್ ಆರಂಭಿಸಬೇಕು ಎಂಬ ಗೊಂದಲದಲ್ಲಿ ನಾವು ಆಲಿಮಾರನ್ನು ಕೇಳುತ್ತೇವೆ, ಕೇಳಬೇಕಾದದ್ದೇ. ಆದರೆ ವೈದ್ಯರ ಹತ್ತಿರ ಹೋಗುವುದಿಲ್ಲ. ಹೀಗೆ ಹೆಚ್ಚು ದಿನ, ಹೆಚ್ಚು ಪ್ರಮಾಣದಲ್ಲಿ ರಕ್ತ ಹೋಗುವುದು ಥೈರಾಯ್ಡ್ ಕುಂದಿದ ಹೆಂಗಸರಲ್ಲಿ ಕಂಡುಬರುವ ಲಕ್ಷಣಗಳಲ್ಲಿ ಒಂದು. ಮಸ್‌ಅಲೆಯ ಜೊತೆಗೆ ಒಂದು ರಕ್ತಪರೀಕ್ಷೆಯೂ ಅಗತ್ಯ ಎಂದು ಆಲಿಮಾರೇ ಹೇಳುವಂತಾದರೆ ಎಷ್ಟೋ ಮಂದಿಗೆ ಉಪಕಾರವಾದೀತು. ಇನ್ನು ನಮ್ಮ ದುಪಟ್ಟಾ. ಅದು ನಮ್ಮ ಗೌರವ, ನಿಜ. ಆದರೆ ಅದರ ಕೆಳಗೆ ಕೂದಲು ಉದುರಿ ನೆತ್ತಿ ಕಾಣುವುದು, ಕುತ್ತಿಗೆಯ ಮುಂಭಾಗ ದಪ್ಪಗಾಗುವುದು ಯಾರ ಕಣ್ಣಿಗೂ ಬೀಳುವುದಿಲ್ಲ. ಕನ್ನಡಿಯ ಮುಂದೆ ನಿಂತು, ತಲೆ ಸ್ವಲ್ಪ ಹಿಂದಕ್ಕೆ ಬಾಗಿಸಿ, ಒಂದು ಗುಟುಕು ನೀರು ನುಂಗುತ್ತಾ ಕುತ್ತಿಗೆಯನ್ನು ನಾವೇ ನೋಡಿಕೊಳ್ಳಬೇಕು.

ಆಗ ನಾನು ಹೋಗುತ್ತಿದ್ದ ವೈದ್ಯರು ಮೂರು ಸಲ ಟಾನಿಕ್ ಬರೆದುಕೊಟ್ಟರು. "ಮಕ್ಕಳಾದ ಮೇಲೆ ಹೆಂಗಸರಿಗೆ ಇದೆಲ್ಲ ಸಾಮಾನ್ಯ" ಎಂದರು. ನಾಲ್ಕನೆಯ ಸಲ ಬೇರೊಬ್ಬ ವೈದ್ಯೆಯ ಬಳಿ ಹೋದಾಗ ಅವರು ನನ್ನ ನಾಡಿ ಹಿಡಿದು, ಮೊಣಕೈ ಚರ್ಮ ಮುಟ್ಟಿ ನೋಡಿ ಥೈರಾಯ್ಡ್ ಪರೀಕ್ಷೆಗೆ ಬರೆದರು. ಟಿ.ಎಸ್.ಎಚ್. 38 ಬಂತು. ಫ್ರೀ ಟಿ-4 ಎಂಬುದು 0.5. ನಮ್ಮ ಮನೆಯವರು ರಿಪೋರ್ಟು ಹಿಡಿದು, "38 ಅಂದರೆ ಥೈರಾಯ್ಡ್ ತುಂಬಾ ಹೆಚ್ಚಾಗಿದೆ, ಮತ್ತೆ ಇವರು ಥೈರಾಯ್ಡ್ ಹಾರ್ಮೋನಿನ ಮಾತ್ರೆಯನ್ನೇ ಯಾಕೆ ಕೊಡುತ್ತಾರೆ?" ಎಂದು ಕೇಳಿದರು. ಒಳ್ಳೆಯ ಪ್ರಶ್ನೆ. ಬಹಳ ಮಂದಿಯ ಗೊಂದಲ ಇಲ್ಲೇ ಇದೆ.

ಟಿ.ಎಸ್.ಎಚ್. ಎಂಬುದು ಥೈರಾಯ್ಡ್ ಹಾರ್ಮೋನು ಅಲ್ಲವೇ ಅಲ್ಲ. ಅದು ತಲೆಯೊಳಗೆ, ಮೆದುಳಿನ ಕೆಳಭಾಗದಲ್ಲಿ ಕಡಲೆಕಾಳಿನಷ್ಟಿರುವ ಪಿಟ್ಯುಟರಿ ಗ್ರಂಥಿಯಿಂದ ಬರುವ ಕರೆ. ಅಡುಗೆಮನೆಯಲ್ಲಿ ಕೆಲಸ ಸಾಗುತ್ತಿದ್ದರೆ ಹೊರಗೆ ಕೂತ ಯಜಮಾನಿ ಮೆಲ್ಲಗೆ ಮಾತಾಡುತ್ತಾಳೆ. ಒಳಗಿನಿಂದ ಊಟ ಬಾರದಿದ್ದರೆ ಅವಳ ಕೂಗು ಜೋರಾಗುತ್ತಾ ಹೋಗುತ್ತದೆ. ಕುತ್ತಿಗೆಯ ಮುಂಭಾಗದಲ್ಲಿ ಚಿಟ್ಟೆಯ ಆಕಾರದಲ್ಲಿರುವ ಥೈರಾಯ್ಡ್ ಗ್ರಂಥಿ ತನ್ನ ಕೆಲಸದಲ್ಲಿ ಹಿಂದೆ ಬಿದ್ದರೆ ಟಿ.ಎಸ್.ಎಚ್. ಏರುತ್ತದೆ. ಅಂದರೆ ಹೆಚ್ಚಾದದ್ದು ಕೂಗು, ಕಡಿಮೆಯಾದದ್ದು ಊಟ. ಊಟ ಅಂದರೆ ಟಿ-4. ಮಾತ್ರೆಯಲ್ಲಿರುವುದು ಅದೇ. ಅದು ದೇಹಕ್ಕೆ ಸಿಕ್ಕಿದಂತೆ ಕೂಗು ತಗ್ಗುತ್ತದೆ.

ದೊಡ್ಡವರಿಗೆ ಸಾಮಾನ್ಯವಾಗಿ ಟಿ.ಎಸ್.ಎಚ್. 0.4ರಿಂದ 4 ಅಥವಾ 4.5ರ ಒಳಗಿರಬೇಕು ಎನ್ನುತ್ತಾರೆ. ಲ್ಯಾಬಿನಿಂದ ಲ್ಯಾಬಿಗೆ ಸ್ವಲ್ಪ ವ್ಯತ್ಯಾಸವಿರುತ್ತದೆ, ಆದ್ದರಿಂದ ನಿಮ್ಮ ರಿಪೋರ್ಟಿನ ಪಕ್ಕದಲ್ಲಿ ಅಚ್ಚಾಗಿರುವ ಮಿತಿಯನ್ನೇ ನೋಡಬೇಕು. ಈ ಕೂಗಿಗೆ ಒಂದು ಗುಣವಿದೆ. ಒಳಗಿನ ಟಿ-4 ತುಸು ಇಳಿದರೂ ಇದು ಹಲವು ಪಟ್ಟು ಏರುತ್ತದೆ. ಟಿ-4 ಅರ್ಧಕ್ಕೆ ಇಳಿದರೆ ಟಿ.ಎಸ್.ಎಚ್. ನೂರು ಪಟ್ಟಿನಷ್ಟು ಏರಬಹುದು. ಹಾಗಾಗಿ 8 ಬಂದವಳು 4 ಬಂದವಳಿಗಿಂತ ಎರಡು ಪಟ್ಟು ರೋಗಿ ಎಂದು ಲೆಕ್ಕ ಹಾಕಬಾರದು. ಮದುವೆ ಮನೆಯ ಹೋಲಿಕೆ ನಿಲ್ಲಬೇಕಾದದ್ದು ಇದಕ್ಕೇ.

ರಿಪೋರ್ಟಿನ ಅಳತೆಯ ಬಗ್ಗೆಯೂ ಒಂದು ಮಾತು. ನಮ್ಮ ಎಷ್ಟೋ ಕುಟುಂಬಗಳಲ್ಲಿ ಒಬ್ಬರಾದರೂ ಗಲ್ಫ್‌ನಲ್ಲಿದ್ದಾರೆ. ಜಿದ್ದಾದಲ್ಲಿರುವ ನನ್ನ ನಾದಿನಿ ಒಮ್ಮೆ ಅಳುತ್ತಾ ಫೋನ್ ಮಾಡಿದಳು. "ಭಾಬಿ, ನಿಮ್ಮ ಫ್ರೀ ಟಿ-4 1.2 ಅಂತ ಹೇಳಿದ್ರಲ್ಲ, ನನ್ನದು 15 ಬಂದಿದೆ!" ಅವಳ ರಿಪೋರ್ಟಿನಲ್ಲಿ ಅಳತೆ ಲೀಟರಿಗೆ ಪಿಕೋಮೋಲ್, ನನ್ನದರಲ್ಲಿ ಡೆಸಿಲೀಟರಿಗೆ ನ್ಯಾನೋಗ್ರಾಂ. ನಮ್ಮ ಅಂಕಿಯನ್ನು ಸುಮಾರು 13ರಿಂದ ಗುಣಿಸಿದರೆ ಅವರ ಅಂಕಿ ಬರುತ್ತದೆ. 1.2 ಅಲ್ಲಿ 15ಕ್ಕಿಂತ ತುಸು ಹೆಚ್ಚಾಗುತ್ತದೆ. ಇಬ್ಬರದೂ ಹೆಚ್ಚು ಕಡಿಮೆ ಒಂದೇ! ಟಿ.ಎಸ್.ಎಚ್. ವಿಷಯದಲ್ಲಿ ಈ ತೊಂದರೆಯಿಲ್ಲ, ಅಲ್ಲಿಯೂ ಇಲ್ಲಿಯೂ ಅಂಕಿ ಒಂದೇ ಇರುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಥೈರಾಯ್ಡ್ ನಿಧಾನದ ಲೋಕ. ತಲೆನೋವಿನ ಮಾತ್ರೆ ನುಂಗಿ ಅರ್ಧ ಗಂಟೆ ಕಾಯುವ ನಮಗೆ ಈ ನಿಧಾನ ಅರ್ಥವಾಗುವುದು ಕಷ್ಟ. ನುಂಗಿದ ಟಿ-4 ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಒಂದು ವಾರ ಬೇಕು. ಆದ್ದರಿಂದ ಹೊಸ ಪ್ರಮಾಣದ ಮಾತ್ರೆ ಶುರುಮಾಡಿದರೆ ಅದು ದೇಹದಲ್ಲಿ ಒಂದು ಮಟ್ಟಕ್ಕೆ ನಿಲ್ಲಲು ಐದಾರು ವಾರ ಬೇಕಾಗುತ್ತದೆ. ವೈದ್ಯರು "ಆರರಿಂದ ಎಂಟು ವಾರ ಬಿಟ್ಟು ಪರೀಕ್ಷೆ ಮಾಡಿಸಿ" ಎನ್ನುವುದು ಈ ಕಾರಣಕ್ಕೆ. ಹದಿನೈದು ದಿನಕ್ಕೆ ಪರೀಕ್ಷೆ ಮಾಡಿಸಿ "ಏನೂ ಇಳಿದಿಲ್ಲ" ಎಂದು ವೈದ್ಯರನ್ನು ಬದಲಾಯಿಸುವವರನ್ನು ನಾನು ನೋಡಿದ್ದೇನೆ. ಹಣವೂ ದಂಡ, ಮನಸ್ಸಿಗೂ ನೋವು.

ನನ್ನ ನೋಟ್‌ಬುಕ್ಕಿನ ಮೊದಲ ಪುಟವನ್ನೇ ಹೇಳುತ್ತೇನೆ. 50 ಮೈಕ್ರೋಗ್ರಾಂ ಮಾತ್ರೆಯಿಂದ ಆರಂಭ. ಆರು ವಾರದ ನಂತರ ಟಿ.ಎಸ್.ಎಚ್. 11, ಫ್ರೀ ಟಿ-4 1.0. ನೋಡಿ, ಟಿ-4 ಮಿತಿಯೊಳಗೆ ಬಂದಾಗಿತ್ತು, ಕೂಗು ಮಾತ್ರ ಇನ್ನೂ ನಿಂತಿರಲಿಲ್ಲ. ಬಹಳ ಕಾಲ ಕೂಗಿದವರು ಊಟ ಬಂದ ತಕ್ಷಣ ಸುಮ್ಮನಾಗುತ್ತಾರೆಯೇ? 75ಕ್ಕೆ ಏರಿಸಿದರು. ಮತ್ತೆ ಎಂಟು ವಾರಕ್ಕೆ 3.1. ಈ ಅಂಕಿಗಳ ಪಕ್ಕದಲ್ಲಿ ದೇಹದ ಸುದ್ದಿಯನ್ನೂ ಬರೆದಿದ್ದೇನೆ. ಮೂರನೇ ವಾರದಲ್ಲಿ ಮಲಬದ್ಧತೆ ಕಡಿಮೆಯಾಯಿತು. ಐದನೇ ವಾರದಲ್ಲಿ ಉಂಗುರ ಕಳಚಿತು. ಎರಡನೇ ತಿಂಗಳು ಕಂಬಳಿ ಬಿಟ್ಟೆ. ಸ್ರಾವ ಸರಿಯಾಗಲು ಮೂರು ತಿಂಗಳು ಹಿಡಿಯಿತು. ಕೂದಲು ಮಾತ್ರ ಅರ್ಧ ವರ್ಷ ಸತಾಯಿಸಿತು. ಅಂಕಿ ಒಂದು ಗಡಿಯಾರದಲ್ಲಿ ನಡೆದರೆ ದೇಹದ ಒಂದೊಂದು ಭಾಗವೂ ತನ್ನದೇ ಗಡಿಯಾರದಲ್ಲಿ ನಡೆಯುತ್ತದೆ. ನಿಮ್ಮಲ್ಲಿ ಈ ಕ್ರಮ ಬೇರೆಯಿರಬಹುದು. ವಯಸ್ಸಾದವರಿಗೆ, ಹೃದಯದ ತೊಂದರೆ ಇರುವವರಿಗೆ ವೈದ್ಯರು ಇನ್ನೂ ಕಡಿಮೆಯಿಂದ, 25ರಿಂದಲೋ ಅದಕ್ಕಿಂತ ಕಡಿಮೆಯಿಂದಲೋ ಶುರುಮಾಡುತ್ತಾರೆ.

ತೂಕದ ವಿಷಯವನ್ನು ಯಾರೂ ಬಿಡುವುದಿಲ್ಲವಾದ್ದರಿಂದ ಹೇಳಿಬಿಡುತ್ತೇನೆ. ಥೈರಾಯ್ಡ್ ಕುಂದಿದ್ದರಿಂದ ಏರುವ ತೂಕ ಸಾಮಾನ್ಯವಾಗಿ ಎರಡರಿಂದ ನಾಲ್ಕೂವರೆ ಕಿಲೋ, ಅದರಲ್ಲಿ ಬಹುಪಾಲು ನೀರು ಮತ್ತು ಉಪ್ಪಿನದು. ನನಗೆ ಇಳಿದದ್ದು ಮೂರು ಕಿಲೋ. ಉಳಿದದ್ದಕ್ಕೆ ಬಿರಿಯಾನಿಯೇ ಉತ್ತರ ಹೇಳಬೇಕು.

"ರಿಪೋರ್ಟು ನಾರ್ಮಲ್ ಬಂತು, ಇನ್ನು ಮಾತ್ರೆ ಯಾಕೆ?" ಎಂದು ನಿಲ್ಲಿಸುವವರು ನಮ್ಮಲ್ಲಿ ತುಂಬಾ ಮಂದಿ. ನಮ್ಮ ಬೀದಿಯಲ್ಲೊಬ್ಬರು ಹೀಗೆಯೇ ಬಿಟ್ಟರು. ಮೊದಲ ಎರಡು ಮೂರು ವಾರ ಏನೂ ಆಗಲಿಲ್ಲ, ಯಾಕೆಂದರೆ ಹಳೆಯ ದಾಸ್ತಾನು ಮುಗಿಯಲು ಅಷ್ಟು ದಿನ ಬೇಕು. "ನೋಡಿ, ಮಾತ್ರೆಯಿಲ್ಲದೇ ಚೆನ್ನಾಗಿದ್ದೇನೆ" ಎಂದು ಎಲ್ಲರಿಗೂ ಹೇಳಿಕೊಂಡು ಬಂದರು. ನಾಲ್ಕನೇ ತಿಂಗಳಿಗೆ ಹಾಸಿಗೆಯಿಂದ ಏಳಲಾರದ ಸ್ಥಿತಿ. ಮಾತ್ರೆ ತೆಗೆದುಕೊಳ್ಳುವವಳ ರಿಪೋರ್ಟಿನಲ್ಲಿ "ನಾರ್ಮಲ್" ಎಂದರೆ ಗ್ರಂಥಿ ಗುಣವಾಯಿತು ಎಂದಲ್ಲ, ಮಾತ್ರೆಯ ಪ್ರಮಾಣ ಸರಿಯಾಗಿದೆ ಎಂದು. ಅಯೋಡಿನ್ ಉಪ್ಪು ತಿನ್ನುವ ಕಡೆಗಳಲ್ಲಿ ಈ ಕಾಯಿಲೆಗೆ ಮುಖ್ಯ ಕಾರಣ ನಮ್ಮ ದೇಹದ ರಕ್ಷಣಾ ವ್ಯವಸ್ಥೆಯೇ ನಮ್ಮ ಗ್ರಂಥಿಯನ್ನು ಮೆಲ್ಲಗೆ ಹಾಳುಮಾಡುವುದು. 1912ರಲ್ಲಿ ಜಪಾನಿನ ಹಶಿಮೊಟೊ ಎಂಬ ವೈದ್ಯರು ಇದನ್ನು ಮೊದಲು ವಿವರಿಸಿದ್ದರಿಂದ ಅವರದೇ ಹೆಸರು ನಿಂತಿದೆ. ರಿಪೋರ್ಟಿನಲ್ಲಿ "ಆಂಟಿ ಟಿಪಿಒ" ಹೆಚ್ಚು ಎಂದಿದ್ದರೆ ಅದು ಇದರ ಗುರುತು. ಹೀಗೆ ಹಾಳಾದ ಗ್ರಂಥಿ ಹೆಚ್ಚಿನವರಲ್ಲಿ ಮತ್ತೆ ಮೊದಲಿನಂತಾಗುವುದಿಲ್ಲ. ಹೆರಿಗೆಯ ನಂತರ ಕೆಲವರಿಗೆ ತಾತ್ಕಾಲಿಕವಾಗಿ ಬಂದು ಹೋಗುವುದುಂಟು. ಅದು ಯಾವುದು, ಇದು ಯಾವುದು ಎಂದು ತೀರ್ಮಾನಿಸಬೇಕಾದವರು ವೈದ್ಯರು.

ಜೀವನವಿಡೀ ಮಾತ್ರೆ ಎಂದರೆ ಅಂಜಿಕೆಯಾಗುವುದು ಸಹಜ. ಆದರೆ 1891ರ ಒಂದು ಸಂಗತಿ ಓದಿದ ಮೇಲೆ ನನ್ನ ಅಂಜಿಕೆ ಹೋಯಿತು. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಜಾರ್ಜ್ ಮರ್ರಿ ಎಂಬ ಯುವ ವೈದ್ಯರು, ಈ ಕಾಯಿಲೆ ಉಲ್ಬಣಿಸಿ ಮೈಯೆಲ್ಲ ಊದಿದ್ದ 46 ವರ್ಷದ ಹೆಂಗಸೊಬ್ಬಳಿಗೆ ಕುರಿಯ ಥೈರಾಯ್ಡ್ ಗ್ರಂಥಿಯ ರಸವನ್ನು ಚುಚ್ಚಿ ಕೊಟ್ಟರು. ಅದಕ್ಕೆ ಮೊದಲು ಇಂಥವರಿಗೆ ಔಷಧಿಯೇ ಇರಲಿಲ್ಲ. ಆಕೆ ಮತ್ತೆ 28 ವರ್ಷ ಬದುಕಿ 1919ರಲ್ಲಿ ತೀರಿಕೊಂಡಳು. ಅಷ್ಟು ವರ್ಷಗಳಲ್ಲಿ ಅವಳೊಬ್ಬಳಿಗೆ ಬೇಕಾದದ್ದು ಎಂಟುನೂರಕ್ಕೂ ಹೆಚ್ಚು ಕುರಿಗಳ ಗ್ರಂಥಿಗಳು! ನಮ್ಮ ಪಾಲಿಗೆ ಒಂದು ಬಾಟಲಿ ಮಾತ್ರೆ ಸಾಕಾಗಿದೆ. ಅಲ್ಹಮ್ದುಲಿಲ್ಲಾಹ್.

ಇಲ್ಲಿಯೇ ಹಲವರು ಕೇಳುವ ಪ್ರಶ್ನೆಗೂ ಉತ್ತರಿಸುತ್ತೇನೆ. ನಮ್ಮ ಔಷಧಿ ಅಂಗಡಿಗಳಲ್ಲಿ ಎಲ್ಟ್ರಾಕ್ಸಿನ್, ಥೈರೋನಾರ್ಮ್ ಮುಂತಾದ ಹೆಸರಿನಲ್ಲಿ ಸಿಗುವುದು ಲೆವೊಥೈರಾಕ್ಸಿನ್. ಆ ಹಾರ್ಮೋನನ್ನು ಕಾರ್ಖಾನೆಯಲ್ಲಿ ರಾಸಾಯನಿಕವಾಗಿ ತಯಾರಿಸುತ್ತಾರೆ, ಪ್ರಾಣಿಯಿಂದ ತೆಗೆಯುವುದಿಲ್ಲ. ಆದರೆ ಅಮೆರಿಕದಲ್ಲಿ "ನೈಸರ್ಗಿಕ ಥೈರಾಯ್ಡ್" ಎಂದು ಮಾರುವ ಮಾತ್ರೆಗಳನ್ನು ಹಂದಿಯ ಗ್ರಂಥಿಯಿಂದ ಮಾಡುತ್ತಾರೆ. ವಿದೇಶದಿಂದ ಬಂಧುಗಳು ಪ್ರೀತಿಯಿಂದ ತಂದುಕೊಟ್ಟರೆ ಡಬ್ಬಿಯ ಮೇಲೆ ಬರೆದಿರುವುದನ್ನು ಓದಿ ನೋಡಿ. ಕಲೋಂಜಿ, ಜೇನು ಧಾರಾಳವಾಗಿ ತಿನ್ನಿ, ನಾನೂ ತಿನ್ನುತ್ತೇನೆ. ಅವು ಟಿ-4ರ ಬದಲಿಗೆ ಅಲ್ಲ. ಚಿಕಿತ್ಸೆ ಮಾಡಿಸಿಕೊಳ್ಳುವಂತೆ ಪ್ರವಾದಿ(ಸ)ಯವರು ಪ್ರೋತ್ಸಾಹಿಸಿದ್ದಾರೆಂಬುದು ನಮಗೆಲ್ಲ ಗೊತ್ತು.

ಮಾತ್ರೆ ಸರಿಯಾಗಿ ತೆಗೆದುಕೊಂಡರೂ ಅಂಕಿ ಏರುಪೇರಾದರೆ? ನನ್ನ ಬಳಿ ರಿಪೋರ್ಟು ತಂದು ತೋರಿಸುವ ನೆರೆಕರೆಯವರನ್ನು ನಾನು ಮೊದಲು ಕೇಳುವುದು ಅಡುಗೆಮನೆಯ ಪ್ರಶ್ನೆಗಳನ್ನು. ಬರೀ ಹೊಟ್ಟೆಗೆ, ಬರೀ ನೀರಿನಲ್ಲಿ ನುಂಗಿ, ಚಹಾ ತಿಂಡಿಗೆ ಅರ್ಧದಿಂದ ಒಂದು ಗಂಟೆ ಕಾಯುತ್ತೀರಾ? ಕಾಫಿಯೊಂದಿಗೆ ನುಂಗಿದರೆ ಔಷಧಿ ಪೂರ್ತಿ ರಕ್ತಕ್ಕೆ ಸೇರುವುದಿಲ್ಲ. ಮೂಳೆಗೆಂದು ಕ್ಯಾಲ್ಸಿಯಂ, ರಕ್ತಕ್ಕೆಂದು ಕಬ್ಬಿಣದ ಮಾತ್ರೆ ಜೊತೆಯಲ್ಲೇ ನುಂಗುತ್ತೀರಾ? ಅವುಗಳ ಮಧ್ಯೆ ನಾಲ್ಕು ಗಂಟೆಗಳ ಅಂತರ ಬೇಕು. ಎಲ್ಲ ಮಾತ್ರೆಗಳನ್ನೂ ಒಟ್ಟಿಗೆ ಅಂಗೈಗೆ ಸುರಿದುಕೊಂಡು ನುಂಗುವ ಅಜ್ಜಿಯಂದಿರ ಟಿ.ಎಸ್.ಎಚ್. ಇಳಿಯದಿರುವುದಕ್ಕೆ ಬಹಳ ಸಲ ಇದೇ ಕಾರಣ. ಬಾಟಲಿ ಎಲ್ಲಿಟ್ಟಿದ್ದೀರಿ? ಒಲೆಯ ಮೇಲಿನ ಗೂಡಿನಲ್ಲಿ, ಮಸಾಲೆ ಡಬ್ಬಿಗಳ ಸಾಲಿನಲ್ಲಿ! ಶಾಖ, ಬೆಳಕು, ತೇವ ಮೂರೂ ಇದಕ್ಕೆ ಆಗದು. ಮಲಗುವ ಕೋಣೆಯ ಕಪಾಟಿನಲ್ಲಿ ಮುಚ್ಚಳ ಬಿಗಿದು ಇಡಿ. ಅಂಗಡಿಯವನು ಬೇರೆ ಕಂಪೆನಿಯದ್ದು ಕೊಟ್ಟರೆ ವೈದ್ಯರಿಗೆ ತಿಳಿಸಿ.

ಕೂದಲು ಉದುರುತ್ತದೆಂದು ಬಯೋಟಿನ್ ಮಾತ್ರೆ ತಿನ್ನುವ ಹೆಣ್ಣುಮಕ್ಕಳು ಈಗ ಬಹಳ. ಹೆಚ್ಚು ಪ್ರಮಾಣದ ಬಯೋಟಿನ್ ದೇಹದಲ್ಲಿರುವಾಗ ರಕ್ತ ಕೊಟ್ಟರೆ ಎಷ್ಟೋ ಲ್ಯಾಬ್‌ಗಳ ಯಂತ್ರಗಳು ಮೋಸಹೋಗುತ್ತವೆ. ಟಿ.ಎಸ್.ಎಚ್. ಇರುವುದಕ್ಕಿಂತ ಕಡಿಮೆ, ಟಿ-4 ಇರುವುದಕ್ಕಿಂತ ಹೆಚ್ಚು ಎಂದು ತೋರಿಸಬಹುದು. ಅದನ್ನು ನಂಬಿ ಮಾತ್ರೆ ಇಳಿಸಿದರೆ ಕೂದಲು ಇನ್ನಷ್ಟು ಉದುರುತ್ತದೆ. ಪರೀಕ್ಷೆಗೆ ಕನಿಷ್ಠ ಎರಡು ದಿನ ಮೊದಲೇ ಬಯೋಟಿನ್ ನಿಲ್ಲಿಸಿ, ವೈದ್ಯರಿಗೂ ಹೇಳಿ.

ತಿಂಗಳುಗಟ್ಟಲೆ ಮಾತ್ರೆ ಮರೆತು, ಪರೀಕ್ಷೆ ಹತ್ತಿರ ಬಂದಾಗ ಒಂದು ವಾರ ಶ್ರದ್ಧೆಯಿಂದ ನುಂಗುವವರೂ ಇದ್ದಾರೆ. ಅವರ ರಿಪೋರ್ಟು ಅವರ ಗುಟ್ಟನ್ನು ಹೇಳಿಬಿಡುತ್ತದೆ. ಟಿ-4 ಚೆನ್ನಾಗಿಯೇ ಇರುತ್ತದೆ, ಟಿ.ಎಸ್.ಎಚ್. ಮಾತ್ರ ಹೆಚ್ಚಾಗಿಯೇ ಇರುತ್ತದೆ. ಒಂದು ನಿನ್ನೆಯ ಸುದ್ದಿ ಹೇಳಿದರೆ ಇನ್ನೊಂದು ಕಳೆದ ಒಂದೂವರೆ ತಿಂಗಳ ಸುದ್ದಿ ಹೇಳುತ್ತದೆ. ವೈದ್ಯರಿಗೆ ನಿಜ ಹೇಳದಿದ್ದರೆ ಅವರು ಪ್ರಮಾಣ ಏರಿಸುತ್ತಾರೆ, ಆಮೇಲೆ ಎದೆ ಹೊಡೆದುಕೊಳ್ಳಲು ಶುರುವಾಗುತ್ತದೆ. ಪರೀಕ್ಷೆಯ ದಿನ ನಾನು ರಕ್ತ ಕೊಟ್ಟ ಮೇಲೆಯೇ ಮಾತ್ರೆ ನುಂಗುತ್ತೇನೆ, ಯಾವಾಗಲೂ ಅದೇ ಲ್ಯಾಬು, ಅದೇ ಬೆಳಗಿನ ಹೊತ್ತು. ಟಿ.ಎಸ್.ಎಚ್. ರಾತ್ರಿ ಹೆಚ್ಚಿದ್ದು ಮಧ್ಯಾಹ್ನಕ್ಕೆ ಇಳಿಯುವ ಸ್ವಭಾವದ್ದು.

ಇನ್ನು ಕೆಲವರ ಸಂಕಟ ಬೇರೆ. ಟಿ.ಎಸ್.ಎಚ್. 2 ಬಂದಿದೆ, ಮಾತ್ರೆ ಸರಿಯಾಗಿದೆ, ಆದರೂ ಮೈಕೈ ನೋವು, ದಣಿವು ಬಿಟ್ಟಿಲ್ಲ. "ಅಂಕಿ ಸರಿಯಿದೆ, ನಿಮಗೇನೂ ಇಲ್ಲ" ಎಂಬ ಉತ್ತರ ಕೇಳಿ ಕಣ್ಣೀರಿಟ್ಟವರಿದ್ದಾರೆ. ಅಂಕಿ ಸರಿಯಿರುವುದರ ಅರ್ಥ, ಆ ದಣಿವಿಗೆ ಥೈರಾಯ್ಡ್ ಕಾರಣವಾಗಿರುವ ಸಾಧ್ಯತೆ ಕಡಿಮೆ ಎಂದಷ್ಟೇ. ದಣಿವೇ ಸುಳ್ಳು ಎಂದಲ್ಲ. ರಕ್ತಹೀನತೆ, ಬಿ-12, ವಿಟಮಿನ್ ಡಿ, ಸಕ್ಕರೆ ಕಾಯಿಲೆ, ನಿದ್ದೆಗೇಡು, ಮನಸ್ಸಿನ ಖಿನ್ನತೆ, ಇವೆಲ್ಲ ಇದೇ ವೇಷದಲ್ಲಿ ಬರುತ್ತವೆ. ಬಿಸಿಲು ಮೈಗೆ ತಾಗದ ನಮ್ಮಂಥವರಲ್ಲಿ ವಿಟಮಿನ್ ಡಿ ಕೊರತೆಯನ್ನು ಮರೆಯಬಾರದು. ಥೈರಾಯ್ಡ್ ಎಂಬ ಒಂದು ಹೆಸರು ಸಿಕ್ಕಿತೆಂದು ಉಳಿದದ್ದನ್ನು ಹುಡುಕದೇ ಬಿಡುವುದು ನನಗೆ ಸರಿಕಾಣುವುದಿಲ್ಲ. "ಮತ್ತೆ ಯಾವ ಪರೀಕ್ಷೆ ಮಾಡಿಸಬೇಕು ಡಾಕ್ಟರೇ?" ಎಂದು ಧೈರ್ಯವಾಗಿ ಕೇಳಿ.

ದಣಿವು ಹೋಗಲಿಲ್ಲವೆಂದು ತಾವೇ ಒಂದು ಮಾತ್ರೆಯನ್ನು ಒಂದೂವರೆ ಮಾಡುವುದು ಇನ್ನೂ ಅಪಾಯ. ಟಿ.ಎಸ್.ಎಚ್. 0.1ಕ್ಕಿಂತ ಕೆಳಗೆ ಇಳಿದರೆ ಎದೆಬಡಿತ, ಕೈನಡುಕ, ನಿದ್ದೆ ಬಾರದಿರುವುದು, ಮುಟ್ಟು ನಿಂತವರಲ್ಲಿ ಮೂಳೆ ಸವೆಯುವುದು, ವಯಸ್ಸಾದವರಲ್ಲಿ ಹೃದಯದ ಬಡಿತ ತಾಳ ತಪ್ಪುವುದು, ಇಷ್ಟೆಲ್ಲ ಆಗಬಹುದು. ಹಾಗೆಯೇ 5, 6 ಬಂದವರಿಗೆಲ್ಲ ಮಾತ್ರೆ ಬೇಕೇಬೇಕೆಂದಿಲ್ಲ. ಟಿ-4 ಸರಿಯಿದ್ದು ಟಿ.ಎಸ್.ಎಚ್. 10ರೊಳಗಿದ್ದರೆ ಎರಡು ಮೂರು ತಿಂಗಳ ನಂತರ ಮತ್ತೊಮ್ಮೆ ಪರೀಕ್ಷಿಸಿ ತೀರ್ಮಾನಿಸುವುದುಂಟು, ಎಪ್ಪತ್ತು ದಾಟಿದವರಲ್ಲಿ ಅಂಕಿ ತುಸು ಹೆಚ್ಚೇ ಇರುತ್ತದೆ. ಇನ್ನೊಂದು ಅಪರೂಪದ ಸ್ಥಿತಿಯನ್ನು ಹೆಂಗಸರು ತಿಳಿದಿರಬೇಕು. ಹೆರಿಗೆಯಲ್ಲಿ ವಿಪರೀತ ರಕ್ತ ಹೋಗಿ, ಆಮೇಲೆ ಎದೆಹಾಲು ಬಾರದೆ, ಮುಟ್ಟೂ ಮರಳದೆ ಇದ್ದರೆ ಕೂಗುವ ಪಿಟ್ಯುಟರಿಗೇ ಪೆಟ್ಟು ಬಿದ್ದಿರಬಹುದು. ಅಲ್ಲಿ ಟಿ.ಎಸ್.ಎಚ್. "ನಾರ್ಮಲ್" ಎಂದೇ ತೋರಿಸಬಹುದು, ಟಿ-4 ನೋಡಿದರೆ ಮಾತ್ರ ಗೊತ್ತಾಗುತ್ತದೆ.

ರಮಝಾನ್ ಬಂತೆಂದರೆ ಫೋನುಗಳು ಶುರು. ಉಪವಾಸದ ಹೊತ್ತಿನಲ್ಲಿ ಮಾತ್ರೆ ನುಂಗಿದರೆ ಉಪವಾಸ ಮುರಿಯುತ್ತದೆ. ಹಾಗೆಂದು ತಿಂಗಳಿಡೀ ಮಾತ್ರೆ ಬಿಡಬೇಕಾಗಿಲ್ಲ, ದಾರಿಗಳಿವೆ. ಇಫ್ತಾರ್‌ಗೆ ನೀರಿನೊಂದಿಗೆ ನುಂಗಿ, ಮಗ್ರಿಬ್ ನಮಾಝ್ ಮುಗಿಸಿ, ಅರ್ಧ ಗಂಟೆಯಾದರೂ ಕಳೆದು ತಿನ್ನುವುದು ಒಂದು. ಎದುರಿಗೆ ಖರ್ಜೂರ, ಸಮೋಸ ಇಟ್ಟುಕೊಂಡು ಅದನ್ನು ಪಾಲಿಸುವವರಿಗೆ ನನ್ನ ಸಲಾಮ್! ತರಾವೀಹ್ ಮುಗಿದು, ಕೊನೆಯ ಊಟವಾಗಿ ಮೂರು ಗಂಟೆ ಕಳೆದ ಮೇಲೆ ಮಲಗುವಾಗ ನುಂಗುವುದು ಇನ್ನೊಂದು. ನಾನು ಆರಿಸಿಕೊಂಡದ್ದು ಮೂರನೆಯದು. ಸಹ್ರಿಗೆ ಅಡುಗೆ ಮಾಡಲು ಮನೆಯ ಹೆಂಗಸು ಹೇಗೂ ಎಲ್ಲರಿಗಿಂತ ಒಂದು ಗಂಟೆ ಮೊದಲು ಏಳುತ್ತಾಳಷ್ಟೆ? ಎದ್ದ ಕೂಡಲೇ ನೀರಿನಲ್ಲಿ ಮಾತ್ರೆ ನುಂಗಿ ಒಲೆ ಹಚ್ಚಿದರೆ ಸಹ್ರಿ ಬಡಿಸುವಷ್ಟರಲ್ಲಿ ಹೊತ್ತು ಸರಿಯಾಗುತ್ತದೆ. ಯಾವುದು ನಿಮಗೆ ಹೊಂದುತ್ತದೆಂದು ತಿಂಗಳು ಮೊದಲೇ ವೈದ್ಯರಲ್ಲಿ ಕೇಳಿಕೊಳ್ಳಿ. ರಮಝಾನ್ ಮುಗಿದ ಮೇಲೆ ಟಿ.ಎಸ್.ಎಚ್. ತುಸು ಏರಿರುವುದು ಹಲವರಲ್ಲಿ ಕಂಡುಬರುತ್ತದೆ. ಆಗ ಪರೀಕ್ಷೆ ಮಾಡಿಸಿದ್ದರೆ "ಉಪವಾಸದ ತಿಂಗಳಲ್ಲಿ ಮಾತ್ರೆಯ ಹೊತ್ತು ಬದಲಾಗಿತ್ತು" ಎಂದು ಮರೆಯದೇ ಹೇಳಿ.

ಕೊನೆಯದಾಗಿ, ನನಗೆ ಎಲ್ಲಕ್ಕಿಂತ ಹೆಚ್ಚು ದಿಗಿಲು ಹುಟ್ಟಿಸಿದ ವಿಷಯ. ನನ್ನ ತಂಗಿಯ ಮಗಳಿಗೆ ಮದುವೆಗೆ ಮೊದಲೇ ಥೈರಾಯ್ಡ್ ಇತ್ತು, 75 ಮೈಕ್ರೋಗ್ರಾಂ ತೆಗೆದುಕೊಳ್ಳುತ್ತಿದ್ದಳು. ಗರ್ಭಿಣಿ ಎಂದು ಗೊತ್ತಾದ ದಿನವೇ ಅವಳ ಅತ್ತೆ, "ಮೊದಲ ಮೂರು ತಿಂಗಳು ಇಂಗ್ಲಿಷ್ ಔಷಧಿ ಏನೂ ಬೇಡ, ಮಗುವಿಗೆ ಆಗದು" ಎಂದು ಬಾಟಲಿಯನ್ನು ತೆಗೆದು ಕಪಾಟಿನಲ್ಲಿಟ್ಟರು. ಕೆಟ್ಟ ಮನಸ್ಸಿನಿಂದಲ್ಲ, ಮೊಮ್ಮಗುವಿನ ಮೇಲಿನ ಪ್ರೀತಿಯಿಂದ. ಹುಡುಗಿ ಎದುರು ಮಾತಾಡಲಾರಳು. ಎರಡು ವಾರದ ನಂತರ ಮೆಲುದನಿಯಲ್ಲಿ ಫೋನ್ ಮಾಡಿ, "ಖಾಲಾ, ಮಾತ್ರೆ ಬಿಟ್ಟಿದ್ದೇನೆ, ಏನಾದರೂ ಆಗುತ್ತದಾ?" ಎಂದಳು.

ನನ್ನ ಕೈಕಾಲು ತಣ್ಣಗಾಯಿತು. ಮೊದಲ ತಿಂಗಳುಗಳಲ್ಲಿ ಹೊಟ್ಟೆಯೊಳಗಿನ ಮಗುವಿಗೆ ತನ್ನದೇ ಥೈರಾಯ್ಡ್ ಹಾರ್ಮೋನು ಇರುವುದಿಲ್ಲ. ಅದರ ಮೆದುಳು ಬೆಳೆಯಲು ಬೇಕಾದ ಹಾರ್ಮೋನು ಪೂರ್ತಿ ತಾಯಿಯಿಂದಲೇ ಹೋಗಬೇಕು. ಬಿಡುವುದಿರಲಿ, ಗರ್ಭಿಣಿಯಾದವಳಿಗೆ ಮೊದಲಿಗಿಂತ ಕಾಲು ಭಾಗಕ್ಕೂ ಹೆಚ್ಚು ಮಾತ್ರೆ ಬೇಕಾಗುವುದೇ ಸಾಮಾನ್ಯ. ಗರ್ಭಿಣಿಯರಿಗೆ ಮಿತಿಯೂ ಬೇರೆ. ಮಾತ್ರೆ ತೆಗೆದುಕೊಳ್ಳುವವರ ಟಿ.ಎಸ್.ಎಚ್. 2.5ರ ಒಳಗಿರುವಂತೆ ವೈದ್ಯರು ನೋಡಿಕೊಳ್ಳುತ್ತಾರೆ. ಬೇರೆಯವರಿಗೆ ನಡೆಯುವ 4 ಇವರಿಗೆ ನಡೆಯದು. ಹಾಗಾಗಿ ಮುಟ್ಟು ತಪ್ಪಿದ ವಾರವೇ ವೈದ್ಯರಿಗೆ ತಿಳಿಸಬೇಕು, ಮೂರು ತಿಂಗಳು ತುಂಬಲೆಂದು ಕಾಯಬಾರದು.

ಮರುದಿನ ನಾನೇ ಹೋದೆ. ಅವಳ ಅತ್ತೆಯ ಪಕ್ಕದಲ್ಲಿ ಕೂತು, "ಆಪಾ, ಇದು ಹೊರಗಿನ ಔಷಧಿಯಲ್ಲ. ನಿಮ್ಮ ಕುತ್ತಿಗೆಯಲ್ಲಿ, ನನ್ನ ಕುತ್ತಿಗೆಯಲ್ಲಿ ಅಲ್ಲಾಹನು ಇಟ್ಟಿರುವ ಗ್ರಂಥಿ ದಿನವೂ ತಯಾರಿಸುವ ವಸ್ತುವೇ ಇದು. ಇವಳ ಗ್ರಂಥಿ ತಯಾರಿಸುತ್ತಿಲ್ಲ, ಅದಕ್ಕೆ ಬಾಟಲಿಯಿಂದ ಕೊಡುವುದು. ಇದನ್ನು ನಿಲ್ಲಿಸಿದರೆ ಮಗುವಿನ ಪಾಲು ನಿಲ್ಲಿಸಿದಂತೆ" ಎಂದೆ. ಅವರು ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ ಎದ್ದು ಹೋಗಿ ಬಾಟಲಿ ತಂದು ಸೊಸೆಯ ಕೈಗಿಟ್ಟು, "ನನಗೆ ಯಾರು ಹೇಳಿದ್ದರು?" ಎಂದರು. ನಿಜ, ಅವರಿಗೆ ಯಾರೂ ಹೇಳಿರಲಿಲ್ಲ. ವೈದ್ಯರು ಸೊಸೆಗೆ ಹೇಳುತ್ತಾರೆ, ಮನೆಯಲ್ಲಿ ತೀರ್ಮಾನಿಸುವವರು ಹೊರಗಿನ ಬೆಂಚಿನಲ್ಲಿ ಕೂತಿರುತ್ತಾರೆ.

ಅದೇ ವಾರದ ಪರೀಕ್ಷೆಯಲ್ಲಿ 6.8 ಬಂತು. ವೈದ್ಯೆ ತಕ್ಷಣ 100ಕ್ಕೆ ಏರಿಸಿ, ಐದು ತಿಂಗಳು ತುಂಬುವವರೆಗೆ ನಾಲ್ಕು ವಾರಕ್ಕೊಮ್ಮೆ ಪರೀಕ್ಷೆ ಎಂದರು. ಆರೋಗ್ಯ ಕೇಂದ್ರದಿಂದ ಕೊಟ್ಟ ಕಬ್ಬಿಣದ ಮಾತ್ರೆ ಮಧ್ಯಾಹ್ನ ಊಟದ ನಂತರ, ಕ್ಯಾಲ್ಸಿಯಂ ರಾತ್ರಿ. ಹೆರಿಗೆಯಾದ ಮೇಲೆ ಮಾತ್ರೆ ಮೊದಲಿನ ಪ್ರಮಾಣಕ್ಕೆ ಇಳಿಸಿ ಆರು ವಾರಕ್ಕೆ ಮತ್ತೆ ನೋಡೋಣ, ಹಾಲೂಡಿಸಲು ಏನೂ ಅಡ್ಡಿಯಿಲ್ಲ, ಮಗು ಹುಟ್ಟಿ ಎರಡು ದಿನ ಕಳೆದ ಮೇಲೆ ಅದರ ಹಿಮ್ಮಡಿಯಿಂದ ಒಂದೆರಡು ಹನಿ ರಕ್ತ ತೆಗೆದು ಮಗುವಿನ ಥೈರಾಯ್ಡ್ ಕೂಡ ಪರೀಕ್ಷೆ ಮಾಡಿಸಿ, ಆಸ್ಪತ್ರೆಯವರು ಹೇಳದಿದ್ದರೆ ನೀವೇ ಕೇಳಿ ಎಂದೂ ಸೇರಿಸಿದರು.

ನಾಲ್ಕು ವಾರದ ನಂತರದ ರಿಪೋರ್ಟು 2.2. ಈಗ ಅವಳಿಗೆ ಆರನೇ ತಿಂಗಳು. ಬೆಳಿಗ್ಗೆ ನಮಾಝ್ ಮುಗಿದ ಕೂಡಲೇ ಒಂದು ಲೋಟ ನೀರು ಮತ್ತು ಮಾತ್ರೆ ಹಿಡಿದು ಸೊಸೆಯ ಕೋಣೆಯ ಬಾಗಿಲಲ್ಲಿ ನಿಲ್ಲುವವರು ಅತ್ತೆಯೇ. ಚಹಾಕ್ಕೆ ಒಂದು ಗಂಟೆ ಕಾಯಿಸುವವರೂ ಅವರೇ. "ಖಾಲಾ, ಹಸಿವಾಗುತ್ತದೆ ಅಂದರೂ ಬಿಡುವುದಿಲ್ಲ" ಎಂದು ಹುಡುಗಿ ಮೊನ್ನೆ ನನ್ನಲ್ಲಿ ದೂರಿದಳು.